ಡಬ್ಬಿಯೊಳಗಿನ ದಾಸವಾಳ

ಅಮ್ಮನ ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ಆಪರೇಶನ್ ಆಗಿ, ಹೊಲಿಗೆ ಬಿಚ್ಚಿಸಿ, ಅವಳನ್ನು ವಿಕ್ರೋಳಿಯ ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೆವು. ಗಾಯ ಮಾಯುತ್ತಿತ್ತು, ಊಟ ಸೇರುತ್ತಿತ್ತು, ಜ್ವರ ಇರಲಿಲ್ಲ. ಕೈ ಮಾತ್ರ ಏಳುತ್ತಿರಲಿಲ್ಲ.

ಅದು ಸ್ತನದ ಕ್ಯಾನ್ಸರ್. ಈ ಎರಡು ಪದಗಳನ್ನು ಆಗ ನಮ್ಮ ಮನೆಯಲ್ಲಿ ಯಾರೂ ಜೋಡಿಸಿ ಹೇಳಿದ್ದಿಲ್ಲ. ಅಪ್ಪ ‘ಆ ತೊಂದರೆ’ ಎನ್ನುತ್ತಿದ್ದರು. ಅಮ್ಮ ಅಷ್ಟನ್ನೂ ಅನ್ನುತ್ತಿರಲಿಲ್ಲ. ನಾನು ಪವಾಯಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ, ಲೈಬ್ರರಿಯಲ್ಲಿ ಪುಸ್ತಕ ತೆಗೆದು ಆ ರೋಗದ ಬಗ್ಗೆ ಇರುವುದನ್ನೆಲ್ಲ ಓದಿದ್ದೆ. ಮನೆಗೆ ಬಂದು ನಾನೂ ಏನೂ ಅನ್ನುತ್ತಿರಲಿಲ್ಲ. ಮಾತಿನ ವಿಷಯದಲ್ಲಿ ನಾನು ಅಮ್ಮನ ಮಗಳೇ.

ಆದರೆ ಕೈಯ ವಿಷಯವನ್ನು ಹಾಗೆ ಸುಮ್ಮನೆ ಬಿಡುವಂತಿರಲಿಲ್ಲ. ಮುಂದಿನ ಚಿಕಿತ್ಸೆ ರೇಡಿಯೇಶನ್. ನಮ್ಮ ಜನ ಅದನ್ನು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಅದಕ್ಕೆ ಮಷೀನಿನ ಕೆಳಗೆ ಅಂಗಾತ ಮಲಗಿ, ಆಪರೇಶನ್ ಆದ ಬದಿಯ ಕೈಯನ್ನು ತಲೆಯ ಮೇಲಕ್ಕೆ ಒಯ್ದು, ಅಲುಗದೆ ಇರಬೇಕು. ಕೈ ಅಡ್ಡ ಬಂದರೆ ಕಿರಣ ಬೀಳಬೇಕಾದಲ್ಲಿ ಬೀಳುವುದಿಲ್ಲ. ಡಾಕ್ಟರು ಅಪ್ಪನಿಗೂ ನನಗೂ ಇದನ್ನು ಬಿಡಿಸಿ ಹೇಳಿದ್ದರು. ಮುಂದಿನ ತಿಂಗಳಿಗೆ ದಿನ ಕೊಟ್ಟಿದ್ದರು. ಅಷ್ಟರಲ್ಲಿ ಕೈ ಮೇಲೆ ಹೋಗದಿದ್ದರೆ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದಷ್ಟೂ ಒಳ್ಳೆಯದಲ್ಲ ಎಂದಿದ್ದರು.

ವ್ಯಾಯಾಮವನ್ನು ಆಸ್ಪತ್ರೆಯಲ್ಲೇ ಕಲಿಸಿಕೊಟ್ಟಿದ್ದರು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುತ್ತಾ ಹೋಗಬೇಕು.

“ಇರುವೆ ಥರ ಹತ್ತಬೇಕಂತೆ,” ಅಮ್ಮ ಹೇಳಿದಳು. “ಇರುವೆಗೆ ಬೇರೆ ಕೆಲಸ ಇರಲ್ಲ.”

“ಸ್ವಲ್ಪ ಪ್ರಯತ್ನ ಮಾಡಮ್ಮ.”

“ಮಾಡಿದ್ನಲ್ಲೇ. ನಾಳೆ ಇನ್ನೂ ಸ್ವಲ್ಪ ಮಾಡಿದ್ರಾಯ್ತು.”

ನಾಳೆಯೂ ಅದೇ ಮಾತು. ನೋವಿತ್ತು, ನಿಜ. ಆದರೆ ಅವಳು ಗೋಡೆಯ ಮುಂದೆ ನಿಂತಾಗ ಎಡಗೈಯಲ್ಲಿ ಸೆರಗನ್ನು ಎದೆಗೆ ಒತ್ತಿ ಹಿಡಿದಿರುವುದನ್ನು ನಾನು ನೋಡಿದ್ದೆ. ಕೈ ಎತ್ತಿದರೆ ಸೆರಗು ಸರಿಯುತ್ತದೆ. ಸರಿದರೆ ಆ ಬದಿ ಬರಿದಾಗಿರುವುದು ಕಾಣುತ್ತದೆ. ಮನೆಯಲ್ಲಿ ನಾವಿಬ್ಬರೇ ಇದ್ದಾಗಲೂ ಅವಳು ಸೆರಗನ್ನು ಬಿಡುತ್ತಿರಲಿಲ್ಲ. ಬಹುಶಃ ಅವಳು ಮರೆಮಾಡುತ್ತಿದ್ದುದು ನನ್ನಿಂದಲ್ಲ.

ಉಳಿದ ಹೊತ್ತು ಬೆತ್ತದ ಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಬಿಲ್ಡಿಂಗಿನ ಬೆನ್ನು: ನೀರಿನ ಪೈಪುಗಳು, ಒಣಹಾಕಿದ ಬಟ್ಟೆ, ಅಡುಗೆಮನೆಗಳ ಎಕ್ಸಾಸ್ಟ್ ಫ್ಯಾನುಗಳು. ಅವಳಿಗೆ ನೋಡಲು ಒಂದಿಷ್ಟು ಹಸಿರಾದರೂ ಇರಲಿ ಎಂದು ನಾನು ಅಟ್ಟದಿಂದ ಒಂದು ಆಟಿಕೆ ಇಳಿಸಿದೆ. ಚಿಕ್ಕಂದಿನಲ್ಲಿ ಸೋದರಮಾವ ವಿದೇಶದಿಂದ ತಂದುಕೊಟ್ಟದ್ದು. ಕೆಂಪು ಪ್ಲಾಸ್ಟಿಕ್ಕಿನ ಡಬ್ಬಿ, ಎರಡು ಕಣ್ಣಿಗೂ ಒಂದೊಂದು ಗಾಜು. ದುಂಡನೆಯ ರಟ್ಟಿನ ಬಿಲ್ಲೆ ಹಾಕಿ ನೋಡಿದರೆ ಒಳಗೆ ಹಿಮದ ಬೆಟ್ಟ, ಜಲಪಾತ, ಜಿಂಕೆ. ಚಪ್ಪಟೆ ಚಿತ್ರವಲ್ಲ. ಜಿಂಕೆ ಮುಂದೆ, ಮರ ಹಿಂದೆ, ಬೆಟ್ಟ ಅದಕ್ಕೂ ಹಿಂದೆ. ನಾನು ಅದರೊಳಗೇ ಬೆಳೆದವಳು.

ಅಮ್ಮ ಮರ್ಯಾದೆಗೆ ಎಲ್ಲವನ್ನೂ ನೋಡಿದಳು. “ಇಲ್ಲಿ ಬಟ್ಟೆ ಹೇಗೆ ಒಣಗಿಸ್ಕೋತಾರೋ,” ಎಂದಳು. “ಚೆನ್ನಾಗಿದೆ. ಎತ್ತಿಡು, ಧೂಳು ಹಿಡಿಯತ್ತೆ.”

ಅವಳಿಗೆ ಬೇಕಾದ ಹಸಿರು ಬೇರೆಯೇ ಇತ್ತು. ಅದು ನನಗೆ ಹೊಳೆದದ್ದು ಮೇಲಿನ ಮನೆಯ ಆಂಟಿಯಿಂದ.

ಆಂಟಿ ಉಡುಪಿ ಕಡೆಯವರು. ಅವರ ಯಜಮಾನರು ಸ್ಟೇಶನ್ ಹತ್ತಿರ ಹೋಟೆಲ್ ನಡೆಸುತ್ತಿದ್ದರು. ಆಂಟಿಗೂ ಅಮ್ಮನಿಗೂ ವರ್ಷಗಳಿಂದ ಒಂದು ಸೌಮ್ಯವಾದ ಯುದ್ಧ ನಡೆದಿತ್ತು, ದೇವರ ಹೂವಿಗಾಗಿ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು ಇಬ್ಬರೂ ಕಾಲೊನಿಯ ಹಿಂದಿನ ರಸ್ತೆಗೆ ಹೋಗುತ್ತಿದ್ದರು. ಅಲ್ಲಿ ಆಫೀಸರುಗಳ ಬಂಗಲೆಗಳಿದ್ದವು, ಬಂಗಲೆಗಳಿಗೆ ತೋಟಗಳಿದ್ದವು. ಅಮ್ಮನ ಕಾನೂನು ಸರಳ. ಕಾಂಪೌಂಡಿನ ಒಳಗಿರುವ ಹೂ ಮನೆಯವರದು, ಗೋಡೆ ದಾಟಿ ಹೊರಗೆ ಬಂದ ಕೊಂಬೆ ದೇವರದು. ಕೊಕ್ಕೆ ಇದ್ದದ್ದು, ಇನ್ನೂ ದಾಟದ ಕೊಂಬೆಯನ್ನು ಸ್ವಲ್ಪ ದಾಟಿಸಿಕೊಳ್ಳುವುದಕ್ಕೆ.

ಅಮ್ಮ ಕಾಯಿಲೆ ಬಿದ್ದ ಮೇಲೆ ಆಂಟಿ ದಿನವೂ ತಾವು ಕೊಯ್ದ ಹೂವಿನಲ್ಲಿ ಅರ್ಧವನ್ನು ನಮ್ಮ ಮನೆಗೆ ತಂದು ಕೊಡುತ್ತಿದ್ದರು.

“ಅಕ್ಕಾ, ಇವತ್ತು ದಾಸವಾಳ ಸ್ವಲ್ಪವೇ ಸಿಕ್ಕಿದ್ದು. ದೊಡ್ಡದೆಲ್ಲ ನಿಮ್ಮ ದೇವರಿಗೆ, ಸಣ್ಣದು ನನ್ನ ದೇವರಿಗೆ. ನನ್ನ ದೇವರು ಪಾಪದವ, ಎಂತ ಕೊಟ್ರೂ ಆಗ್ತದೆ.”

ಅಮ್ಮ ಬುಟ್ಟಿಯೊಳಗೆ ನೋಡಿ, “ಇದು ನಾಳೆ ಅರಳೋ ಮೊಗ್ಗು ಕಣ್ರೀ. ಯಾಕ್ರೀ ಕಿತ್ರಿ?” ಎಂದಳು.

“ನಾನು ಕೊಯ್ಯದಿದ್ರೆ ನಾಳೆ ಆ ಬ್ಯಾಂಕಿನವರ ಅಜ್ಜಿ ಕೊಯ್ತದೆ ಮಾರಾಯ್ರೆ. ನೀವು ಬರುದಿಲ್ಲ ಅಂತ ಆ ಅಜ್ಜಿಗೆ ಈಗ ದೀಪಾವಳಿ.”

“ಮೂಲೆ ಬಂಗಲೆ ಬಿಳಿ ದಾಸವಾಳ ಬಿಟ್ಟಿದ್ಯಾ?”

“ಬಿಟ್ಟಿದೆ, ಬಿಟ್ಟಿದೆ. ಆದ್ರೆ ಅದು ನನಗೆ ಎಟುಕುದಿಲ್ಲ ಅಕ್ಕಾ. ಕೊಕ್ಕೆ ಹಾಕಿದ್ರೂ ಎಟುಕುದಿಲ್ಲ. ಅದಕ್ಕೆ ನಿಮ್ಮ ಉದ್ದ ಕೈಯೇ ಆಗಬೇಕು.”

ಹೇಳಿದ ಮೇಲೆ ಆಂಟಿ ನಾಲಿಗೆ ಕಚ್ಚಿಕೊಂಡರು. ಅಮ್ಮ ಮಡಿಲಲ್ಲಿದ್ದ ಬಲಗೈಯನ್ನು ಸ್ವಲ್ಪ ಹೊತ್ತು ನೋಡಿ, ಮೊಗ್ಗುಗಳನ್ನು ಬೇರೆ ಮಾಡತೊಡಗಿದಳು.

ಆ ರಸ್ತೆಯನ್ನೇ ಡಬ್ಬಿಯೊಳಗೆ ತರಬಹುದಲ್ಲ ಎಂದು ನನಗೆ ಅನ್ನಿಸಿದ್ದು ಆಗ. ಅದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಜಾಗದಿಂದ ನೋಡುತ್ತವೆ. ಅದೇ ರೀತಿ ಸ್ವಲ್ಪ ಬೇರೆ ಜಾಗದಿಂದ ಎರಡು ಚಿತ್ರ ತೆಗೆದು, ಒಂದೊಂದನ್ನು ಒಂದೊಂದು ಕಣ್ಣಿಗೆ ತೋರಿಸಿದರೆ ಸಾಕು, ದೂರ ಹತ್ತಿರಗಳನ್ನು ಮೆದುಳೇ ಕಟ್ಟಿಕೊಳ್ಳುತ್ತದೆ. ಲ್ಯಾಬಿನ ಗೆಳತಿಯೊಬ್ಬಳಿಂದ ಕ್ಯಾಮೆರಾ ತಂದೆ. ಬೆಳಕಿಗೆ ಹಿಡಿದು ನೋಡುವ ಸ್ಲೈಡ್ ಫಿಲ್ಮ್ ಹಾಕಿಸಿದೆ. ಯಾಕೆ ಎಂದು ಅಮ್ಮನಿಗೆ ಹೇಳಲಿಲ್ಲ.

ಬೆಳಿಗ್ಗೆ ಆಂಟಿಯ ಜೊತೆ ಹೊರಟೆ. ಎಡಗಾಲಿನ ಮೇಲೆ ಭಾರ ಹಾಕಿ ಒಂದು ಚಿತ್ರ, ನಿಂತಲ್ಲೇ ಬಲಗಾಲಿಗೆ ಭಾರ ಬದಲಿಸಿ ಇನ್ನೊಂದು. ನನ್ನ ತೂಗಾಟ ನೋಡಿ ಬಂಗಲೆಯ ವಾಚ್‌ಮನ್ ಎದ್ದು ಬಂದ.

“ಫೋಟೋ ಕಾಯ್ ಕೋ, ಮೇಡಮ್?”

ಫೋಟೋ ಯಾಕೆ ಎಂಬುದಕ್ಕೆ ನಾನು ಉತ್ತರ ಹುಡುಕುವಷ್ಟರಲ್ಲಿ ಆಂಟಿ ಹೂವಿನ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿ, “ಸೈನ್ಸ್ ಹೈ ಭಯ್ಯಾ, ಕಾಲೇಜ್ ಕಾ ಸೈನ್ಸ್!” ಎಂದು ಗದರಿದರು. ಅವನು ಹಿಂದೆ ಸರಿದ. “ನೋಡಿದ್ಯಾ,” ಆಂಟಿ ನನ್ನ ಕಿವಿಯಲ್ಲಿ ಹೇಳಿದರು, “ಇಷ್ಟು ವರ್ಷ ದೇವರ ಹೆಸರು ಹೇಳಿದ್ರೂ ಅವ ಬಿಡ್ತಿರಲಿಲ್ಲ.”

ಸ್ಲೈಡುಗಳು ತೊಳೆದು ಬಂದ ಮೇಲೆ ಚಪ್ಪಲಿಯ ರಟ್ಟಿನ ಡಬ್ಬಿಗೆ ಎರಡು ಲೆನ್ಸ್ ಕೂರಿಸಿದೆ. ಹಿಂಬದಿಗೆ ಬೆಳಕು ಹರಡಲು ಬೆಣ್ಣೆಕಾಗದ ಅಂಟಿಸಿದೆ. ಒಂದು ಭಾನುವಾರ ಅಮ್ಮನ ಕುರ್ಚಿಯ ಹಿಂದೆ ನಿಂತು, ಎರಡು ಕೈಯಲ್ಲೂ ಡಬ್ಬಿಯನ್ನು ಅವಳ ಕಣ್ಣಿಗೆ ಹಿಡಿದೆ. ಡಬ್ಬಿ ಹಿಡಿಯಬೇಕಾದರೆ ನನ್ನ ತೋಳುಗಳು ಅವಳ ಭುಜಗಳನ್ನು ಬಳಸಬೇಕಿತ್ತು. ನಾವು ಒಬ್ಬರನ್ನೊಬ್ಬರು ಮುಟ್ಟಿಕೊಂಡು ಮಾತಾಡುವ ಮನೆಯವರಲ್ಲ. ಅವಳ ಕೂದಲಿನ ಸೀಗೆಕಾಯಿ ವಾಸನೆ ಅಷ್ಟು ಹತ್ತಿರದಿಂದ ನನಗೆ ಬಂದು ಎಷ್ಟೋ ಕಾಲವಾಗಿತ್ತು.

ಅಮ್ಮ ಡಬ್ಬಿಗೆ ಮುಖ ಒತ್ತಿ ನೋಡಿದಳು. ಆಮೇಲೆ, “ಇದು ನಮ್ಮ ರಸ್ತೆ,” ಎಂದಳು.

“ಹೂಂ.”

“ಪಾರಿಜಾತದ ಕೆಳಗೆ, ಅಂಚಿನಲ್ಲಿ ನಿನ್ನ ಚಪ್ಪಲಿ ತುದಿ ಕಾಣ್ತಿದೆ. ಅದೊಂದೇ ಹೂ ಕಣೇ, ನೆಲಕ್ಕೆ ಬಿದ್ರೂ ದೇವರಿಗೆ ಆಗೋದು. ಅದನ್ನೇ ತುಳ್ಕೊಂಡು ನಿಂತಿದ್ದೀಯ.”

ಮುಂದಿನ ಚಿತ್ರಕ್ಕೆ ಬದಲಿಸಿದೆ. ಮೂಲೆ ಬಂಗಲೆಯ ಬಿಳಿ ದಾಸವಾಳ. ಬೆಳಿಗ್ಗೆಯ ಬಿಸಿಲು, ಗೋಡೆ, ಗೋಡೆಯಾಚೆ ಆಕಾಶ. ಆ ರೋಲಿನಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಚಿತ್ರ.

“ಇಷ್ಟು ದೂರ ನಿಂತ್ರೆ ಹೂ ಕೈಗೆ ಬರತ್ತಾ?” ಅಮ್ಮ ಕೇಳಿದಳು. “ಇದು ರಸ್ತೆಯಲ್ಲಿ ಹೋಗೋರು ನೋಡೋ ಥರ. ಕೊಯ್ಯೋರು ಹೀಗೆ ನೋಡಲ್ಲ.”

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಇಡೀ ಗಿಡ ಚೌಕಟ್ಟಿನೊಳಗೆ ಬರುವಷ್ಟು ಹಿಂದೆ ನಿಂತಿದ್ದೆ, ಕ್ಯಾಲೆಂಡರಿನವರು ನಿಲ್ಲುವ ಹಾಗೆ. ಹೂ ಕೊಯ್ಯುವವರಿಗೆ ಗಿಡ ಕಾಣುವುದಿಲ್ಲ. ಒಂದು ಕೊಂಬೆ, ಅದರಲ್ಲಿ ಒಂದು ಹೂ, ಅದರ ಹಿಂದೆ ಅಡಗಿದ ಇನ್ನೊಂದು ಕಾಣುತ್ತವೆ. ಎರಡನೆಯ ಸಲ ಹೋದಾಗ ಆಂಟಿಯಿಂದ ಕೊಂಬೆ ಬಗ್ಗಿಸಿ ಹಿಡಿಸಿ, ಒಂದು ತೋಳಳತೆಯಲ್ಲಿ ನಿಂತು ತೆಗೆದೆ. ಅಷ್ಟು ಹತ್ತಿರಕ್ಕೆ ಕಾಲು ಬದಲಿಸುವಷ್ಟು ಸರಿದರೆ ಚಿತ್ರಗಳು ಕೂಡುವುದಿಲ್ಲ; ಕ್ಯಾಮೆರಾವನ್ನು ಒಂದೆರಡು ಬೆರಳಗಲ ಮಾತ್ರ ಸರಿಸಬೇಕು. ಗಾಳಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾದೆ. “ಬೇಗ ಮಾರಾಯ್ತಿ,” ಆಂಟಿ ಹಲ್ಲು ಕಚ್ಚಿ ಹೇಳಿದರು, “ಇನ್ನು ಸ್ವಲ್ಪ ಹೊತ್ತು ಹೀಗೆ ನಿಂತ್ರೆ ನನಗೂ ಆಪರೇಶನ್.”

ಹೊಸ ಸ್ಲೈಡುಗಳನ್ನು ನೋಡುವಾಗ ಅಮ್ಮ ಟೀಕೆ ಮಾಡಲಿಲ್ಲ. ಕೆಂಪು ದಾಸವಾಳ ಬಂತು. ಅದರ ಕೇಸರ ನೇರ ನಮ್ಮ ಕಡೆಗೆ ಚಾಚಿಕೊಂಡಿತ್ತು. ಹಿಂದೆ ನಿಂತಿದ್ದ ನನಗೆ ಮೊದಲು ಕಂಡದ್ದು ಅವಳ ಬಲಗೈ ಮಡಿಲಿನಿಂದ ಎದ್ದದ್ದು. ಅದು ನಿಧಾನವಾಗಿ ಡಬ್ಬಿಯ ಪಕ್ಕದಿಂದ ಮುಂದಕ್ಕೆ ಹೋಯಿತು, ಹೆಬ್ಬೆರಳು ತೋರುಬೆರಳು ಗಾಳಿಯಲ್ಲಿ ಕೂಡಿ ತೊಟ್ಟು ಮುರಿಯುವ ಹಾಗೆ ಒಮ್ಮೆ ತಿರುಗಿದವು. ಕೈ ಭುಜದ ಮಟ್ಟದಲ್ಲೇ ಇತ್ತು. ಆದರೆ ಅದು ಯಾರೂ ಹೇಳದೆ ಎದ್ದಿತ್ತು. ಎಡಗೈ ಸೆರಗನ್ನು ಮರೆತು ಕುರ್ಚಿಯ ತೋಳಿನ ಮೇಲೆ ಕೂತಿತ್ತು.

ನಾನು ಡಬ್ಬಿಯನ್ನು ಅಲುಗಿಸದೆ ಹಿಡಿದೆ. ಒಂದು ಮಾತಾಡಿದ್ದರೂ ಕೈ ಇಳಿದುಬಿಡುತ್ತಿತ್ತು.

ಮರುದಿನ ಕಿಟಕಿಯ ಬೆಳಕು ಸಾಲದೆಂದು ಹೇಳಿ ಕುರ್ಚಿಯನ್ನು ಎದುರು ಗೋಡೆಯ ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿದೆ. ಟ್ಯೂಬ್ ಇದ್ದದ್ದು ಎತ್ತರದಲ್ಲಿ. ಡಬ್ಬಿಗೆ ಬೆಳಕು ಬೇಕಾದರೆ ಅದನ್ನು ಮೇಲಕ್ಕೆ ಓರೆ ಮಾಡಬೇಕು. ಆಗ ಅಮ್ಮನ ಮುಖ ಮೇಲಾಗುತ್ತಿತ್ತು, ಹೂ ಮೇಲಾಗುತ್ತಿತ್ತು, ಕೈಯೂ ಅಷ್ಟೇ ಮೇಲೆ ಹೋಗಬೇಕಾಗುತ್ತಿತ್ತು. ಅದರ ಮರುದಿನ ಕುರ್ಚಿಯನ್ನು ಗೋಡೆಗೆ ಸ್ವಲ್ಪ ಹತ್ತಿರ ಇಟ್ಟೆ. ಆಗ ಓರೆ ಇನ್ನೂ ಹೆಚ್ಚಾಯಿತು.

ಇದೆಲ್ಲ ಆದ ಮೇಲೆ, ಈಚೆಗೆ, ಲ್ಯಾಬಿನಲ್ಲಿ ಯಾರೋ ಒಂದು ವಿದೇಶಿ ಪತ್ರಿಕೆ ತೋರಿಸಿದರು. ತಲೆಗೆ ಕಟ್ಟಿಕೊಳ್ಳುವ ಒಂದು ಯಂತ್ರ, ಒಳಗೆ ಎರಡು ಪುಟ್ಟ ಪರದೆ. ತಲೆ ತಿರುಗಿಸಿದರೆ ಒಳಗಿನ ಲೋಕವೂ ತಿರುಗುತ್ತದಂತೆ. ಕಂಪ್ಯೂಟರಿನಲ್ಲಿ ಕಾಡು ಕಟ್ಟಿ, ಹಾಸಿಗೆ ಹಿಡಿದವರನ್ನು ಒಂದು ದಿನ ಅದರೊಳಗೆ ಓಡಾಡಿಸಬಹುದು ಎಂದು ಗೆಳೆಯರು ಚರ್ಚೆ ಮಾಡುತ್ತಿದ್ದರು. ಯಾರ ಕಾಡು ಎಂದು ಕೇಳಬೇಕೆನ್ನಿಸಿತು. ಆದರೆ ಜಲಪಾತ ತೋರಿಸಿದಾಗ ನನ್ನ ಅಮ್ಮ ಬಟ್ಟೆ ಒಣಗಿಸುವುದರ ಬಗ್ಗೆ ಯೋಚಿಸಿದ್ದಳು ಎಂದು ಅವರಿಗೆ ವಿವರಿಸುವುದು ಕಷ್ಟವಿತ್ತು.

ಆಗ ನನ್ನ ಉಪಾಯ ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ಕೈ ಹಣೆಯ ಮಟ್ಟಕ್ಕೆ ಬಂತು. ಅಲ್ಲಿ ಮತ್ತೆ ನಿಂತಿತು. ಆಸ್ಪತ್ರೆಯ ದಿನ ಹತ್ತಿರವಾಗುತ್ತಿತ್ತು. ಅಪ್ಪ ಫ್ಯಾಕ್ಟರಿಯಿಂದ ಬಂದವರೇ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಅವರು ಚಪ್ಪಲಿ ಬಿಡುತ್ತಿದ್ದರು.

ಒಂದು ಸಂಜೆ ಅಮ್ಮ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದಳು.

“ಸಾಕು ಕಣೇ. ಕುರ್ಚಿ ದಿನಾ ಮುಂದೆ ಹೋಗ್ತಿದೆ ಅಂತ ನನಗೆ ಗೊತ್ತಾಗಲ್ವಾ? ಇನ್ನೇನು ಗೋಡೆ ಒಳಗೇ ಕೂರಿಸ್ತೀಯ.”

“ಕೈ ಮೇಲೆ ಬರ್ತಾ ಇದೆಯಲ್ಲಮ್ಮ.”

“ಬಂದು? ಕೊಯ್ತೀನಿ, ಕೊಯ್ತೀನಿ, ಕೈ ನೋಡಿದ್ರೆ ಖಾಲಿ. ಖಾಲಿ ಕೈ ಇಳಿಸೋವಾಗ ಎಷ್ಟು ನೋಯತ್ತೆ ಗೊತ್ತಾ ನಿನಗೆ?”

ಅವಳು ನೋವು ಎಂಬ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಎರಡು ದಿನ ಅದು ಅಲ್ಲೇ ಇತ್ತು.

ಮೂರನೆಯ ದಿನ ಬೆಳಿಗ್ಗೆ ಆಂಟಿ ಹೂ ತಂದಾಗ ಡಬ್ಬಿ ನೋಡಿ, ತಾವೇ ಎತ್ತಿ ಕಣ್ಣಿಗೆ ಹಿಡಿದುಕೊಂಡರು. “ಅಬ್ಬಬ್ಬಾ, ಮೂಗಿಗೇ ತಾಗ್ತದಲ್ಲ! ಎಂತ ಅಕ್ಕಾ, ಇಷ್ಟು ಒಳ್ಳೆ ಹೂ ಉಂಟು, ಕೊಯ್ಯುದು ಬಿಟ್ಟದ್ದು ಯಾಕೆ?”

“ಗಾಳಿ ಕೊಯ್ದು ಕೊಯ್ದು ಸಾಕಾಯ್ತು ಕಣ್ರೀ.”

ಆಂಟಿ ಒಂದು ಕ್ಷಣ ಯೋಚಿಸಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆಯಿಂದ ಸ್ಟೂಲ್ ಎಳೆದು ತಂದರು. “ನೀನು ಹಿಡ್ಕೋ,” ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬುಟ್ಟಿಯಿಂದ ಒಂದು ಕೆಂಪು ದಾಸವಾಳ ತೆಗೆದುಕೊಂಡು ಸ್ಟೂಲ್ ಹತ್ತಿ ನಿಂತರು. ಆಂಟಿ ಸಣ್ಣ ಆಳಲ್ಲ. ಸ್ಟೂಲ್ ಕಿರುಗುಟ್ಟಿತು.

“ಬಿದ್ದೀರ್ರೀ!”

“ಬಿದ್ರೆ ನಿಮ್ಮ ಮೇಲೆಯೇ ಬೀಳುದು. ನೀವು ಡಬ್ಬಿ ನೋಡಿ ಅಕ್ಕಾ, ನನ್ನನ್ನು ನೋಡ್ಬೇಡಿ. ಕೊಯ್ಯಿರಿ ಈಗ.”

ಅಮ್ಮ ಒಲ್ಲದ ಮನಸ್ಸಿನಿಂದ ಕಣ್ಣಿಟ್ಟಳು. ಕೈ ಎದ್ದಿತು. ಎದೆ, ಗಲ್ಲ, ಹಣೆ. ಅಲ್ಲಿ ನಿಂತಿತು. ಬೆರಳುಗಳು ಎಂದಿನಂತೆ ಖಾಲಿ ಗಾಳಿಯಲ್ಲಿ ಕೂಡಲು ಹೋದವು. ಆದರೆ ಅಲ್ಲಿ ಆಂಟಿ ಹಿಡಿದಿದ್ದ ಹೂ ಇತ್ತು. ನಿಜವಾದ, ಇನ್ನೂ ಇಬ್ಬನಿಯ ತಂಪಿದ್ದ ಪಕಳೆ ಬೆರಳಿಗೆ ತಗುಲಿದ್ದೇ ಅಮ್ಮ “ಅಯ್ಯಯ್ಯೋ!” ಎಂದು ಕೂಗಿದಳು. ಆಮೇಲೆ ನಕ್ಕಳು. ಡಬ್ಬಿ ಅವಳ ಮುಖಕ್ಕೆ ಒತ್ತಿಕೊಂಡೇ ಇದ್ದುದರಿಂದ ಆ ನಗು ರಟ್ಟಿನ ಮೂಲಕ ನನ್ನ ಕೈಗೆ ಬಂತು. ಆಸ್ಪತ್ರೆಗೆ ಹೋದಾಗಿನಿಂದ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ.

“ಬಿಡ್ರೀ ಹೂವನ್ನ!”

“ಬಿಡುದಿಲ್ಲ. ಇದು ಕಾಂಪೌಂಡಿನ ಒಳಗಿನ ಹೂ. ಬೇಕಾದ್ರೆ ಎಳ್ಕೊಳ್ಳಿ.” ಆಂಟಿ ಹೂವನ್ನು ಒಂದಿಷ್ಟು ಮೇಲಕ್ಕೆ ಎತ್ತಿದರು.

“ಕಳ್ಳಿ! ನನ್ನ ಹತ್ರಾನೇ ನಿಮ್ಮ ಆಟ!”

“ಇಷ್ಟು ವರ್ಷ ಬಿಳಿ ದಾಸವಾಳ ಒಬ್ಬರೇ ಕೊಯ್ದದ್ದು ಯಾರು? ಈಗ ತಕ್ಕೊಳ್ಳಿ.” ಹೂ ಇನ್ನೂ ಮೇಲೆ ಹೋಯಿತು.

ಅಮ್ಮನ ಕೈ ಅದರ ಹಿಂದೆ ಹೋಯಿತು. ನೋವಿನಿಂದ ಉಸಿರು ಎಳೆದುಕೊಳ್ಳುತ್ತಿದ್ದಳು, ನಗುತ್ತಲೂ ಇದ್ದಳು, ಬೈಯುತ್ತಲೂ ಇದ್ದಳು. ಸೆರಗು ಪೂರ್ತಿ ಜಾರಿ ಮಡಿಲಿಗೆ ಬಿದ್ದಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ. ಕೊನೆಗೆ ಹೂ ಅವಳ ಕೈಗೆ ಬಂದಾಗ ತೋಳು ಕಿವಿಗೆ ತಾಗುವಂತಿತ್ತು. ಆಂಟಿ ಸ್ಟೂಲಿನಿಂದ ಇಳಿದು, ಬೆವರು ಒರೆಸಿಕೊಂಡು, “ಒಂದು ಹೂವಿಗೆ ಇಷ್ಟು ಜಗಳ ಆಡುವವರನ್ನು ನಾನು ಕಾಣಲೇ ಇಲ್ಲಪ್ಪಾ,” ಎಂದರು. ಮರುದಿನದಿಂದ ದಿನವೂ ಬಂದು ಸ್ಟೂಲ್ ಹತ್ತಿದರು.

ಡಾಕ್ಟರು ಕೊಟ್ಟಿದ್ದ ದಿನ ಆಸ್ಪತ್ರೆಗೆ ಅಮ್ಮನ ಜೊತೆ ನಾನೇ ಹೋದೆ. ಹೆಸರು ಕರೆದರು. ಆಯಾ ಒಬ್ಬಳು ಅವಳನ್ನು ಒಳಗೆ ಕರೆದುಕೊಂಡು ಹೋಗಿ, ದಪ್ಪನೆಯ ಬಾಗಿಲನ್ನು ಮುಚ್ಚಿದಳು. ಮನೆಯವರಿಗೆ ಒಳಗೆ ಪ್ರವೇಶವಿಲ್ಲ. ಅಲ್ಲಿ ಡಬ್ಬಿ ಇರಲಿಲ್ಲ, ಆಂಟಿ ಇರಲಿಲ್ಲ. ಕುರ್ಚಿಯಲ್ಲಿ ಕೂತು ಎತ್ತುವುದು ಬೇರೆ, ಗಟ್ಟಿ ಮೇಜಿನ ಮೇಲೆ ಅಪರಿಚಿತರ ಮುಂದೆ ಮಲಗಿ ಎತ್ತುವುದು ಬೇರೆ. ಒಂದು ವೇಳೆ ಕೈ ಅಲ್ಲೇ ನಿಂತರೆ ವಾಪಸು ಕಳಿಸುತ್ತಾರೆ. ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತೆ. ಅಪ್ಪನ ಫ್ಯಾಕ್ಟರಿಗೆ ಫೋನ್ ಮಾಡಬೇಕಾದರೆ ಏನೆಂದು ಹೇಳಬೇಕು ಎಂದು ಎರಡು ಥರದ ವಾಕ್ಯಗಳನ್ನು ಮನಸ್ಸಿನಲ್ಲೇ ಸಿದ್ಧ ಮಾಡಿಕೊಳ್ಳುತ್ತಿದ್ದೆ.

ಅಮ್ಮ ಹೊರಗೆ ಬಂದಾಗ ಕತ್ತಿನ ಕೆಳಗೆ, ರವಿಕೆಯ ಅಂಚಿನಲ್ಲಿ ನೇರಳೆ ಶಾಯಿಯ ಗೆರೆಯೊಂದು ಕಾಣುತ್ತಿತ್ತು. ಕಿರಣ ಬೀಳಬೇಕಾದ ಜಾಗಕ್ಕೆ ಗುರುತು ಹಾಕಿದ್ದಾರೆ ಎಂದರೆ ಕೈ ಎದ್ದಿದೆ.

“ಮೇಲೆ ಹೋಯ್ತಾ ಕೈ?” ಆದರೂ ಕೇಳಿದೆ.

“ಹೋಯ್ತು. ಹಸಿವಾಗ್ತಿದೆ, ಎಲ್ಲಾದ್ರೂ ಕೂತ್ಕೊಳ್ಳೋಣ.”

ಎದುರಿನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಇಡ್ಲಿ ತರಿಸಿಕೊಂಡೆವು. ಎರಡು ತುತ್ತಾದ ಮೇಲೆ ಅವಳಾಗಿಯೇ ಹೇಳತೊಡಗಿದಳು.

“ಆ ಹುಡುಗ ‘ಹಾಥ್ ಊಪರ್’ ಅಂದ. ಎತ್ತಿದೆ. ಕಂಕುಳಿಗೆ ಫ್ಯಾನಿನ ಗಾಳಿ ಬಡೀತು. ಮೇಲೆ ನೋಡ್ತೀನಿ, ಬೋಳು ಛಾವಣಿ. ಅಷ್ಟು ಹೊತ್ತು ಜನ ಅದನ್ನೇ ನೋಡ್ಕೊಂಡು ಮಲಗಬೇಕಲ್ಲ, ಒಂದು ಚಿತ್ರ ಅಂಟಿಸಬಾರದಾ?”

“ಹೂ ನೆನೆಸ್ಕೊಂಡ್ಯಾ?”

“ಇಲ್ಲ ಕಣೇ. ಎಷ್ಟು ನೆನೆಸ್ಕೊಂಡ್ರೂ ಹೂ ಬರಲಿಲ್ಲ.” ಚಟ್ನಿಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು. “ನೀನು ಹಿಂದೆ ನಿಂತ್ಕೊಂಡು ಉಸಿರಾಡ್ತಿದ್ದೆಯಲ್ಲ, ಕಿವಿ ಹತ್ರ. ಅದು ಮಾತ್ರ ಬಂತು.”

ನಾನು ತಟ್ಟೆ ನೋಡುತ್ತಾ ತಿಂದೆ. ಅವಳೂ ತಿಂದಳು. ಕಾಫಿ ಬಂದ ಮೇಲೆ ಅವಳ ಧ್ವನಿ ಎಂದಿನ ಮನೆಯ ಧ್ವನಿಯಾಯಿತು.

“ನಾಳೆಯಿಂದ ಕರೆಂಟ್ ಶುರು ಅಂತೆ. ದಿನಾ ಬರಬೇಕು. ನೀನು ಕಾಲೇಜಿಗೆ ಹೋಗು, ನಿಮ್ಮಪ್ಪ ಟ್ಯಾಕ್ಸಿ ಹತ್ತಿಸಿದ್ರೆ ಸಾಕು. ಕೈ ಎತ್ತೋಕೆ ಒಬ್ಬರು ಜೊತೆಗೆ ಬೇಕಾ?”

ಬೇಡ ಎಂದೆ. ಮರುದಿನ ಟ್ಯಾಕ್ಸಿಯಲ್ಲಿ ಅವಳ ಪಕ್ಕ ನಾನೇ ಕೂತೆ. ಅವಳು ನನ್ನನ್ನು ನೋಡಿದಳು, ಕಾಲೇಜಿನ ಮಾತು ತೆಗೆಯಲಿಲ್ಲ, ನನಗೆ ಜಾಗವಾಗಲೆಂದು ಕಿಟಕಿಯ ಕಡೆಗೆ ಸ್ವಲ್ಪ ಸರಿದಳು.